ಎರಡನೇ ತರಗತಿಯ ಒಂದು ವಾರ ಮತ್ತು ನಮ್ಮ ಸೀಮೆಯ ಅಕ್ಷರದ ಚರಿತ್ರೆ

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದು ಕೊಡಿರೆಂದು ಅಧ್ಯಕ್ಷರು ಕೇಳಿದಾಗ ನಾನು ಮೊದಲು ಹಿಂಜರಿದೆ. ನಾನು ಸಾಹಿತಿಯಲ್ಲ, ಪಂಡಿತನೂ ಅಲ್ಲ. ಎಸ್.ಎಸ್.ಎಲ್.ಸಿ. ತನಕ ಓದಿ ತೊಗರಿ, ಜ್ವಾಳ ಬೆಳೆದುಕೊಂಡು ಇರುವ ರೈತ. ಸದಸ್ಯ ಬಾಂಧವರು ಆರಿಸಿ ಕಳಿಸಿದ್ದರಿಂದ ನಿರ್ದೇಶಕನಾಗಿದ್ದೇನೆ. ಸಂಘದ ಚರಿತ್ರೆಯನ್ನು ಬೇರೆ ಹಿರಿಯರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ಸಂಘ ಯಾವುದರ ಮೇಲೆ ನಿಂತಿದೆಯೋ ಆ ಅಕ್ಷರದ ಚರಿತ್ರೆಯನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ತಪ್ಪಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳುತ್ತೇನೆ. ನಮ್ಮ ಸಂಘದ ಒಬ್ಬ ಹಿರಿಯ ಹೆಣ್ಣುಮಗಳು ಉಳಿತಾಯ ಖಾತೆಗೆ 540 ರೂಪಾಯಿ ತುಂಬಿದ್ದಳು. ರಸೀದಿಯಲ್ಲಿ 540 ಎಂದೇ ಇತ್ತು. ಪಾಸ್‌ಬುಕ್ಕಿನಲ್ಲಿ ಮಾತ್ರ 450 ಎಂದು ಬಿದ್ದಿತ್ತು. ಯಾರೂ ಬೇಕಂತ ಮಾಡಿದ್ದಲ್ಲ, ಅಂಕಿ ಹಿಂದುಮುಂದಾಗಿತ್ತು. ಆದರೆ ಎಂಟು ತಿಂಗಳು ಅದು ಯಾರ ಕಣ್ಣಿಗೂ ಬೀಳಲಿಲ್ಲ. ಆ ತಾಯಿಗೆ ಓದು ಬಾರದು. ನಾವು ಓದು ಬಂದವರು ನೋಡಲಿಲ್ಲ. ಆ ಅವಧಿಯಲ್ಲಿ ನಾನೂ ಆಡಳಿತ ಮಂಡಳಿಯಲ್ಲಿದ್ದೆ. ತಪ್ಪನ್ನು ಹಿಡಿದವಳು ಆಕೆಯ ಮೊಮ್ಮಗಳು, ಎರಡನೇ ತರಗತಿಯ ಹುಡುಗಿ. ರಸೀದಿ, ಪಾಸ್‌ಬುಕ್ ಎರಡನ್ನೂ ಬಾಜೂಕ ಬಾಜೂಕ ಇಟ್ಟು, "ಆಯಿ, ಇದ್ರಾಗ ಐದು ಮದ್ಲ ಅದ, ಇದ್ರಾಗ ನಾಕು ಮದ್ಲ ಅದ. ಎರಡೂ ಒಂದ ಅಲ್ಲ" ಅಂದಳಂತೆ. ಮರುದಿನ ಮುದುಕಿ ಮೊಮ್ಮಗಳ ಕೈ ಹಿಡಕೊಂಡು ಸಂಘಕ್ಕೆ ಬಂದಳು. ಲೆಕ್ಕ ಅದೇ ದಿನ ಸರಿ ಮಾಡಿದೆವು. ಬರೇ ತೊಂಬತ್ತು ರೂಪಾಯಿ ಮಾತು. ಆದರೆ ಆ ರಾತ್ರಿ ನನಗೆ ನಿದ್ದಿ ಹತ್ತಲಿಲ್ಲ.

ಎರಡನೇ ತರಗತಿಯಲ್ಲಿ ಅಂಥದ್ದು ಏನು ಕಲಿಸುತ್ತಾರೆ ನೋಡಬೇಕು ಅನ್ನಿಸಿತು. ದೀಪಾವಳಿ ಕಳೆದು, ಹಿಂಗಾರಿ ಬಿತ್ತನೆ ಮುಗಿದು, ತೊಗರಿ ಕಾಯಿ ಹಿಡಿಯುವ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರ ಪರವಾನಗಿ ಪಡೆದು ನಮ್ಮೂರ ಸರ್ಕಾರಿ ಶಾಲೆಯ ಎರಡನೇ ತರಗತಿಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಹಿಂದೆ ಕುಳಿತೆ.

ಸೋಮವಾರ: ರ ಗ ಸ ದ ಅ

ಕೋಣೆಯ ಒಳಗೆ ಕಾಲಿಟ್ಟಾಗ ನನಗೆ ಗುರುತೇ ಹತ್ತಲಿಲ್ಲ. ಸಾಲು ಇಲ್ಲ, ಬೆಂಚು ಇಲ್ಲ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಶಹಾಬಾದ ಫರಸಿಯ ನೆಲದ ಮೇಲೆ ಗುಂಡಗೆ ಕೂತಿದ್ದರು. ತಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳು ಬರೆದ ಚಿತ್ರ, ಕಾಗದ ತೂಗು ಹಾಕಿದ್ದರು. ಅದಕ್ಕೆ ಕಲಿಕಾ ಚಪ್ಪರ ಅನ್ನುತ್ತಾರೆ. ಗೋಡೆಯ ಕೆಳಗೆ ಮಕ್ಕಳ ಕೈಗೆ ಎಟಕುವಂತೆ ಕರಿಹಲಗೆ. ಮಕ್ಕಳು ಬಂದವರೇ ತಮ್ಮ ತಮ್ಮ ಕಾರ್ಡು ತಾವೇ ತೆಗೆದುಕೊಂಡು ಕೂತರು. ಟೀಚರ್ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗುತ್ತಿದ್ದರು. ಮುಂದೆ ಹೋದ ಮಗು ಹಿಂದೆ ಉಳಿದ ಮಗುವಿಗೆ ಹೇಳಿಕೊಡುತ್ತಿತ್ತು.

ಇದಕ್ಕೆ ನಲಿ-ಕಲಿ ಎಂದು ಹೆಸರು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಲ್ಲಿ ನಡೆದ ಪದ್ಧತಿಯನ್ನು ಶಿಕ್ಷಕರು ನೋಡಿ ಬಂದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದನ್ನು ಶುರು ಮಾಡಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆಲ್ಲ ಬಂತು. ಇದರಲ್ಲಿ ಅಕ್ಷರ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ ಗ ಸ ದ ಅ ಎಂದು ಶುರುವಾಗುತ್ತದೆ. ಬರೆಯಲು ಹಗುರಾದ, ಒಂದಕ್ಕೊಂದು ಹೋಲುವ ಅಕ್ಷರ ಮೊದಲು. ಐದು ಅಕ್ಷರ ಬಂದ ಕೂಡಲೇ ಮಗು ದರ, ಸರ, ಅರಸ, ಗರಗಸ ಎಂದು ಓದುತ್ತದೆ. ಎರಡನೇ ತರಗತಿಗೆ ಬರುವಷ್ಟರಲ್ಲಿ ಕಾಗುಣಿತ, ಒತ್ತಕ್ಷರ, ಸಣ್ಣ ಸಣ್ಣ ವಾಕ್ಯ.

ನಾನು ಎರಡನೇ ತರಗತಿಯಲ್ಲಿದ್ದದ್ದು 1987ರಲ್ಲಿ. ನಾಲ್ಕು ತರಗತಿಗೆ ಒಬ್ಬರೇ ಮಾಸ್ತರು, ಒಂದೇ ಕೋಣೆ, ಮಳೆ ಬಂದರೆ ಅದೂ ಸೋರುತ್ತಿತ್ತು. ಪಾಟಿ ಮೇಲೆ ಬಳಪದಿಂದ ಐವತ್ತೆರಡು ಅಕ್ಷರ ತಿದ್ದಿ ತಿದ್ದಿ ಕಣ್ಣು ಮುಚ್ಚಿ ಒದರುತ್ತಿದ್ದೆವು. ಒದರಲು ಬಂದಷ್ಟು ಓದಲು ಬರುತ್ತಿರಲಿಲ್ಲ. ಒಂದೇ ಕೋಣೆ, ಒಬ್ಬರೇ ಮಾಸ್ತರು ಎಂಬ ಸ್ಥಿತಿ ದೇಶದ ತುಂಬ ಇತ್ತೆಂದೇ 1987ರಲ್ಲಿ ಕೇಂದ್ರ ಸರ್ಕಾರ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಯೋಜನೆ ತಂದಿತು. ಪ್ರತಿ ಪ್ರಾಥಮಿಕ ಶಾಲೆಗೆ ಕಡಿಮೆಯೆಂದರೆ ಎರಡು ಕೋಣೆ, ಇಬ್ಬರು ಶಿಕ್ಷಕರು ಇರಬೇಕು ಎಂಬುದು ಅದರ ಉದ್ದೇಶ. ನಮ್ಮೂರಿಗೆ ಎರಡನೇ ಕೋಣೆ ಬರುವ ಹೊತ್ತಿಗೆ ನಾನು ಆ ಶಾಲೆ ಬಿಟ್ಟಿದ್ದೆ.

ಮಂಗಳವಾರ: ಮನೆಮಾತು ಮತ್ತು ಸಾಲಿಮಾತು

ಮಂಗಳವಾರ ಟೀಚರ್ ಒಂದು ಬುಟ್ಟಿಯಲ್ಲಿ ಜ್ವಾಳ, ತೊಗರಿ, ಉಳ್ಳಾಗಡ್ಡಿ, ಬದನೆಕಾಯಿ ಇಟ್ಟು, ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ ಎಂದು ಕೇಳಿದರು. ಹದಿನಾಲ್ಕು ಮಕ್ಕಳಲ್ಲಿ ನಾಲ್ಕು ಭಾಷೆ ಹೊರಬಿದ್ದವು. ನಮ್ಮ ಸೀಮೆಯೇ ಹಾಗೆ. ಸೇಡಂ ಕಡೆಯ ಊರುಗಳಿಗೆ ತೆಲಂಗಾಣ ಹತ್ತಿರ, ಮನೆಯಲ್ಲಿ ತೆಲುಗು. ಚಿಂಚೋಳಿ ಕಡೆ ತಾಂಡಾಗಳಲ್ಲಿ ಲಂಬಾಣಿ. ವಾಡಿ ರೈಲ್ವೆ ಜಂಕ್ಷನ್ನಿನಲ್ಲಿ, ಶಹಾಬಾದಿನ ಕಲ್ಲಿನ ಖಣಿಯಲ್ಲಿ ಹತ್ತೂ ಕಡೆಯ ಜನ. ಉರ್ದು ಇಲ್ಲದ ಊರಿಲ್ಲ. ಕನ್ನಡ ಮನೆಮಾತಿನ ಮಗುವೂ ಮನೆಯಲ್ಲಿ "ಹೋಗ್ಲತ್ತೀನಿ" ಅಂದು ಪುಸ್ತಕದಲ್ಲಿ "ಹೋಗುತ್ತಿದ್ದೇನೆ" ಎಂದು ಓದಬೇಕು. ಟೀಚರ್ ಯಾವ ಮಗುವಿನ ಶಬ್ದವನ್ನೂ ತಪ್ಪು ಅನ್ನಲಿಲ್ಲ. ಎಲ್ಲವನ್ನೂ ಕೇಳಿ ಕಡೆಗೆ ಕನ್ನಡ ಶಬ್ದ ಹಲಗೆಯ ಮೇಲೆ ಬರೆದರು.

ಆಗ ನನಗೆ ನಮ್ಮ ಮುತ್ಯಾ ನೆನಪಾದ. ಅವನ ಕಾಲಕ್ಕೆ ಈ ಊರುಗಳೆಲ್ಲ ಹೈದರಾಬಾದ ನಿಜಾಮರ ಸಂಸ್ಥಾನದಲ್ಲಿದ್ದವು. ಕಚೇರಿ ಭಾಷೆ ಉರ್ದು, ಮೇಲಿನ ಓದು ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ವೈದ್ಯ ಎಲ್ಲವನ್ನೂ ಉರ್ದುವಿನಲ್ಲೇ ಕಲಿಸಿದರು. ಒಂದು ದೇಶಭಾಷೆಯಲ್ಲಿ ಅಷ್ಟು ದೊಡ್ಡ ಓದು ನಡೆಸಿದ್ದು ಸಣ್ಣ ಕೆಲಸವಲ್ಲ. ಆದರೆ ಕನ್ನಡ ಮಾತಾಡುವ ಒಕ್ಕಲುಮಗನಿಗೆ ಅದರಿಂದ ಬಾಗಿಲು ತೆರೆಯಲಿಲ್ಲ. ಕನ್ನಡ ಕಲಿಯಬೇಕಾದರೆ ಊರ ಐನೋರ ಖಾನಗಿ ಸಾಲಿ. ನೆಲದ ಮೇಲೆ ಉಸುಕು ಹರವಿ ಬೆರಳಿನಿಂದ ತಿದ್ದುವುದು. ಐನೋರಿಗೆ ಕೊಡುವುದು ಕಾಳುಕಡಿ. ಮುತ್ಯಾ ಅಲ್ಲಿ ಒಂದು ವರ್ಷ ಹೋಗಿ, ಎರಡನೇ ವರ್ಷಕ್ಕೆ ದನ ಕಾಯಲು ಹೋದ.

ಮುಂದೆ ಒಂದು ಬರಗಾಲದಲ್ಲಿ ಒಬ್ಬ ಸಾವಕಾರನ ಕಡೆ ಕಾಳು ಸಾಲ ತಂದು ಉರ್ದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಕಾಳಿನ ಲೆಕ್ಕ ಅಂದುಕೊಂಡ ಕಾಗದದಲ್ಲಿ ನಾಲ್ಕು ಎಕರೆ ಹೊಲದ ಮಾತು ಇತ್ತು. ಆ ಹೊಲ ತಿರುಗಿ ನಮಗೆ ಬರಲಿಲ್ಲ. "ಭಾಷಾದ್ದು ತಪ್ಪಲ್ಲಪ್ಪ, ನನ್ನ ಬೆರಳಿಂದು ತಪ್ಪು" ಎಂದು ಮುತ್ಯಾ ಸಾಯುವ ತನಕ ಅನ್ನುತ್ತಿದ್ದ. ಅದು ಅವನ ದೊಡ್ಡತನ. ಕಾಗದ ಕನ್ನಡದಲ್ಲಿದ್ದರೂ ಅವನಿಗೆ ಓದಲು ಬರುತ್ತಿರಲಿಲ್ಲ ಎಂಬುದೂ ನಿಜವೇ.

1948ರ ಸೆಪ್ಟೆಂಬರ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ 1ರಂದು ಗುಲ್ಬರ್ಗಾ, ಬೀದರ, ರಾಯಚೂರ ಜಿಲ್ಲೆಗಳು ಏಕೀಕೃತ ಮೈಸೂರು ರಾಜ್ಯಕ್ಕೆ ಬಂದವು. ಅಂದಿನಿಂದ ಕಚೇರಿಯ ಕಾಗದ ಮೆಲ್ಲಗೆ ಕನ್ನಡಕ್ಕೆ ತಿರುಗಿತು. ಆದರೂ ನಮ್ಮ ಸಂಘದ ವಹಿ ತೆರೆದು ನೋಡಿರಿ: ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ. ಎಲ್ಲ ಆ ಕಾಲದ ದರ್ಬಾರಿನ ಶಬ್ದಗಳೇ. ಇಂದು ಅವು ನಮ್ಮ ಮನೆಮಕ್ಕಳಂತೆ ಆಗಿವೆ.

ಬುಧವಾರ: ಕೈಯಾಗ ಒಂದು

ಬುಧವಾರ ಗಣಿತ. ತೊಗರಿ ಕಟ್ಟಿಗೆಯನ್ನು ಗೇಣುದ್ದ ಕಡಿದು, ಹತ್ತಹತ್ತು ಸೇರಿಸಿ ದಾರ ಕಟ್ಟಿದ್ದರು. ಒಂದು ಕಟ್ಟು ಅಂದರೆ ಒಂದು ಹತ್ತು, ಬಿಡಿ ಕಡ್ಡಿ ಅಂದರೆ ಒಂದು. 27ಕ್ಕೆ 15 ಕೂಡಿಸಬೇಕು. ಬಿಡಿ ಕಡ್ಡಿ ಏಳು ಮತ್ತು ಐದು, ಹನ್ನೆರಡಾದವು. ಹತ್ತು ತೆಗೆದು ಹೊಸ ಕಟ್ಟು ಕಟ್ಟಿ ಕಟ್ಟುಗಳ ಜತೆ ಇಟ್ಟರು. ನಾಲ್ಕು ಕಟ್ಟು, ಎರಡು ಬಿಡಿ, 42. ನಾನು 'ಕೈಯಾಗ ಒಂದು' ಎಂದು ಬಾಯಿಪಾಠ ಮಾಡಿದ್ದೆ. ಆ ಒಂದು ಎಂದರೆ ಹತ್ತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಈ ಮಕ್ಕಳು ಅದನ್ನು ಕಟ್ಟಿ ನೋಡಿದರು. ಅಂಕಿ ಎಲ್ಲಿ ಕೂತಿದೆ ಎಂಬುದರ ಮೇಲೆ ಅದರ ಬೆಲೆ. 540ರಲ್ಲಿ ಐದು ಮೊದಲು, 450ರಲ್ಲಿ ನಾಲ್ಕು ಮೊದಲು. ಪಾಸ್‌ಬುಕ್ಕಿನ ತಪ್ಪು ಸಿಕ್ಕಿದ್ದು ಈ ತೊಗರಿ ಕಟ್ಟಿಗೆಯ ಪಾಠದಿಂದಲೇ.

ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಸೇಡಂ ತಾಲ್ಲೂಕಿನ ಕಾಗಿಣಾ ನದಿ ದಂಡೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಆಳುವ ಕಾಲದಲ್ಲಿ ಎರಡು ದೊಡ್ಡ ಗ್ರಂಥ ಹುಟ್ಟಿದವು. ಒಂದು, ಅವನ ಆಸ್ಥಾನದ ಶ್ರೀವಿಜಯನ ಕವಿರಾಜಮಾರ್ಗ, ಕನ್ನಡದಲ್ಲಿ ಸಿಕ್ಕಿರುವ ಮೊಟ್ಟಮೊದಲ ಗ್ರಂಥ. ಇನ್ನೊಂದು, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹ. ಅಕ್ಷರ ಒಂದು, ಅಂಕಿ ಒಂದು. ನಮ್ಮ ಎರಡನೇ ತರಗತಿಯ ಎರಡು ಮುಖ್ಯ ವಿಷಯವೂ ಅವೇ. ಇನ್ನು ಚಿತ್ತಾಪುರದ ಮಗ್ಗುಲ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಶಾಸನದ ಪ್ರಕಾರ ಅಲ್ಲಿ ಇನ್ನೂರಕ್ಕೂ ಮಿಕ್ಕಿ ವಿದ್ಯಾರ್ಥಿಗಳಿದ್ದರು. ಗ್ರಂಥ ಭಂಡಾರ ನೋಡಿಕೊಳ್ಳಲಿಕ್ಕೇ ಆರು ಜನ ಇದ್ದರು.

ಇಷ್ಟೆಲ್ಲ ಇದ್ದೂ ಸಾವಿರ ವರ್ಷದ ಮೇಲೆ ನಮ್ಮ ಮುತ್ಯಾನ ಕೈಗೆ ಬಂದದ್ದು ಹೆಬ್ಬೆಟ್ಟಿನ ಮಸಿ. ನಮ್ಮ ನೆಲದಲ್ಲಿ ದೊಡ್ಡ ವಿದ್ಯೆಗೆ ಎಂದೂ ಕೊರತೆ ಇರಲಿಲ್ಲ. ಇಲ್ಲದ್ದು ಸಣ್ಣ ವಿದ್ಯೆ, ಅಂದರೆ ಎಲ್ಲರ ಮಕ್ಕಳಿಗೂ ಒಂದು, ಎರಡನೇ ತರಗತಿ. ನಾಗಾವಿಯಲ್ಲಿ ಓದಿದ್ದು ವೇದ, ಶಾಸ್ತ್ರ. ಹೊಲ ಊಳುವವನ, ಕಲ್ಲು ಒಡೆಯುವವನ ಮಗನಿಗೆ, ಅದರಲ್ಲೂ ಮಗಳಿಗೆ, ಅಲ್ಲಿ ಜಾಗ ಇರಲಿಲ್ಲ.

ಮುತ್ಯಾನ ಕಾಲದ ಲೆಕ್ಕ ಬಲು ತೊಡಕು. ನಿಜಾಮರ ಹಾಲಿ ಸಿಕ್ಕಾ ಬೇರೆ, ಇಂಗ್ರೇಜಿ ರೂಪಾಯಿ ಬೇರೆ. ಸುಮಾರು ಏಳು ಹಾಲಿ ಕೊಟ್ಟರೆ ಆರು ಇಂಗ್ರೇಜಿ ರೂಪಾಯಿ. ರೂಪಾಯಿಗೆ ಹದಿನಾರು ಆಣೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆ ಎಂದಾಯಿತು. ಎರಡನೇ ತರಗತಿಯ ಕಟ್ಟು-ಬಿಡಿ ಲೆಕ್ಕವೇ ಪ್ಯಾಟಿಯ ಲೆಕ್ಕವೂ ಆಯಿತು.

ಗುರುವಾರ: ಬಿಸಿಯೂಟ

ಗುರುವಾರ ನಡುಮಧ್ಯಾಹ್ನ ಗಂಟೆ ಬಾರಿಸಿದ ಕೂಡಲೇ ಮಕ್ಕಳು ತಾಟು ತೊಳೆದುಕೊಂಡು ಸಾಲಾಗಿ ಕೂತರು. ಅನ್ನ, ಸಾರು, ತತ್ತಿ. ಯಾವ ಮನೆಯ ಮಗು ಯಾವ ಮಗುವಿನ ಬಾಜೂ ಕೂತಿದೆ ಎಂದು ನಾನು ನೋಡಿದೆ. ನಮ್ಮ ಹಿರಿಯರ ಕಾಲದಲ್ಲಿ ಒಂದೇ ಪಂಕ್ತಿಯಲ್ಲಿ ಕೂಡಲಾರದವರ ಮೊಮ್ಮಕ್ಕಳು ಒಬ್ಬರ ತಾಟಿನ ತತ್ತಿ ಒಬ್ಬರು ಕಸಿದುಕೊಂಡು ನಗುತ್ತಿದ್ದರು.

ಈ ವಿಷಯದಲ್ಲಿ ನಮ್ಮ ಭಾಗವೇ ಮೊದಲು. ಕರ್ನಾಟಕದಲ್ಲಿ ಬಿಸಿಯೂಟ, ಅಂದರೆ ಅಕ್ಷರ ದಾಸೋಹ, 2002ರ ಜೂನ್‌ನಲ್ಲಿ ಶುರುವಾದದ್ದು ಗುಲ್ಬರ್ಗಾ ಸೇರಿದಂತೆ ಉತ್ತರದ ಏಳು ಹಿಂದುಳಿದ ಜಿಲ್ಲೆಗಳಲ್ಲಿ. ಆಮೇಲೆ ಉಳಿದ ಜಿಲ್ಲೆಗಳಿಗೆ ಹೋಯಿತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬಂತು. 2021ರ ಡಿಸೆಂಬರದಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ತತ್ತಿ ಬಂತು, ತಿನ್ನದವರಿಗೆ ಬಾಳೆಹಣ್ಣು. 2024ರಲ್ಲಿ ಅದು ವಾರಕ್ಕೆ ಆರು ದಿನದ ತನಕ ಏರಿತು.

ನಮ್ಮ ಕಾಲದಲ್ಲಿ ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದ ಹುಡುಗ ತಿರುಗಿ ಬರುತ್ತಿರಲಿಲ್ಲ. ಅವ್ವ-ಅಪ್ಪ ಹೊಲದಲ್ಲಿ, ಮನೆಗೆ ಕೀಲಿ. ರೊಟ್ಟಿ ಹುಡುಕಿಕೊಂಡು ಹೊಲಕ್ಕೆ ಹೋದರೆ ಅಲ್ಲೇ ಕೆಲಸಕ್ಕೆ ಹಚ್ಚುತ್ತಿದ್ದರು. ನಾನು ಹಾಗೆ ಎರಡನೇ ತರಗತಿಯ ಎಷ್ಟೋ ಮಧ್ಯಾಹ್ನ ಕಳಕೊಂಡೆ. ತೊಗರಿ ರಾಶಿ ಬಂದರೆ ತಿಂಗಳುಗಟ್ಟಲೆ ಶಾಲೆ ಇಲ್ಲ. ಸರಿಯಾಗಿ ಓದಲು ಬಂದದ್ದು ನಾಲ್ಕನೇ ತರಗತಿಯಲ್ಲಿ. ಒಬ್ಬ ಮಾಸ್ತರು ರಾತ್ರಿ ಕಂದೀಲು ಹಚ್ಚಿ ಕೂಡಿಸಿಕೊಂಡು ಹೇಳದಿದ್ದರೆ ನಾನೂ ಹೆಬ್ಬೆಟ್ಟೇ.

ಶುಕ್ರವಾರ: ಖಾಲಿ ಜಾಗ

ಶುಕ್ರವಾರ ಹಾಜರಿ ಕರೆದಾಗ ಹದಿನಾಲ್ಕರಲ್ಲಿ ಇಬ್ಬರು ಓಗೊಡಲಿಲ್ಲ. "ಎಲ್ಲಿ ಹೋದ್ರೋ?" ಎಂದು ಟೀಚರ್ ಕೇಳಿದರೆ ಮಕ್ಕಳೆಲ್ಲ ಒಂದೇ ಬಾಯಲ್ಲಿ "ದುಡೀಲಕ ಹೋಗ್ಯಾರ್ರಿ, ಪುಣೇಕ" ಅಂದರು. ಹಿಂದಿನ ದಿನ ರಾತ್ರಿಯೇ ಗಾಡಿ ಹತ್ತಿದ್ದರು. ದೀಪಾವಳಿ ಆದ ಮೇಲೆ ನಮ್ಮ ಊರುಗಳಿಂದ, ಚಿಂಚೋಳಿ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅವರ ಕಾರ್ಡು ತಟ್ಟೆಯಲ್ಲಿ ಹಾಗೇ ಇದ್ದವು. ಆ ಎರಡು ಮಕ್ಕಳು ಯುಗಾದಿಗೆ ತಿರುಗಿ ಬಂದವು. ಒತ್ತಕ್ಷರ ಪೂರ್ತಿ ಮರೆತಿದ್ದವು.

ಕಾನೂನು ಇಲ್ಲ ಅಂತಲ್ಲ. 1961ರಲ್ಲೇ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಯಿತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅದರಲ್ಲಿದ್ದವು. ಹೋರಾಟದ ಫಲವಾಗಿ 2013ರಲ್ಲಿ ಸಂವಿಧಾನದ 371(ಜೆ) ಕಲಂ ಜಾರಿಗೆ ಬಂದು ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಸಿಕ್ಕಿತು. ಅದರಿಂದ ಡಾಕ್ಟರ್, ಇಂಜಿನಿಯರ್ ಓದಿಗೆ, ನೌಕರಿಗೆ ನಮ್ಮ ಮಕ್ಕಳಿಗೆ ಮೀಸಲು ಸಿಕ್ಕಿದೆ. ಒಳ್ಳೆಯದಾಯಿತು. ಆದರೆ ಆ ಬಾಗಿಲಿನ ತನಕ ನಡೆದು ಹೋಗಲು ಮೊದಲು ಎರಡನೇ ತರಗತಿ ದಾಟಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75.36 ಇದ್ದರೆ ನಮ್ಮ ಜಿಲ್ಲೆಯದು 64.85. ಹೆಣ್ಣುಮಕ್ಕಳದು ಸುಮಾರು 55.

ಇದರ ಮೇಲೆ ಕೊರೊನಾ ಬಂತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದನೇ ತರಗತಿಯವರಿಗೆ ತೆರೆದದ್ದು 2021ರ ಅಕ್ಟೋಬರ 25ರಂದು. ಒಂದನೇ ತರಗತಿಯ ಮೆಟ್ಟಿಲನ್ನೇ ಹತ್ತದ ಮಗು ನೇರವಾಗಿ ಎರಡನೇ ತರಗತಿಗೆ ಬಂದು ಕೂತಿತು. ಆಮೇಲೆ 2022-23ರಲ್ಲಿ ಕಲಿಕಾ ಚೇತರಿಕೆ ಎಂದು ಕಳಕೊಂಡದ್ದನ್ನು ಮತ್ತೆ ಕಲಿಸಿದರು. ಬೆಳೆ ಹೋದರೆ ಮರುವರ್ಷ ಬಿತ್ತಬಹುದು. ಏಳು ವರ್ಷದ ವಯಸ್ಸು ಮತ್ತೆ ಬರುವುದಿಲ್ಲ.

ಶನಿವಾರ: ಮುಂಜಾನೆ ಸಾಲಿ

ಶನಿವಾರ ಮುಂಜಾನೆ ಸಾಲಿ. ಟೀಚರ್ ಮಕ್ಕಳನ್ನು ಸಾಲು ಹಚ್ಚಿ ಊರೊಳಗೆ ಕರಕೊಂಡು ಹೊರಟರು. ಕಂಡ ಬೋರ್ಡು ಓದುವುದೇ ಪಾಠ. ಪಂಚಾಯತಿ ಓದಿದರು, ಬಸ್ಸಿನ ಬೋರ್ಡು ಓದಿದರು. ಕಡೆಗೆ ನಮ್ಮ ಸಂಘದ ಮುಂದೆ ನಿಂತರು. 'ಸಹಕಾರ ಸಂಘ' ಎಂಬುದನ್ನು ಎಲ್ಲರೂ ಓದಿದರು. 'ನಿಯಮಿತ' ಓದಿದರು. ಒಬ್ಬ ಹುಡುಗ 'ಪತ್ತಿನ' ಎಂಬಲ್ಲಿ ತ-ಒತ್ತಿಗೆ ನಿಂತ. ಬಾಜೂ ನಿಂತ ಆ ಪಾಸ್‌ಬುಕ್ಕಿನ ಹುಡುಗಿ ಅವನಿಗೆ ಮೆಲ್ಲಗೆ ಹೇಳಿಕೊಟ್ಟಳು. ನಾನು ಇಪ್ಪತ್ತು ವರ್ಷದಿಂದ ಆ ಬೋರ್ಡಿನ ಕೆಳಗೆ ಓಡಾಡಿದ್ದೇನೆ. ಅಂದು ಅದನ್ನು ಮೊದಲ ಸಲ ಓದಿದಂತೆ ಆಯಿತು.

ಕವಿರಾಜಮಾರ್ಗದಲ್ಲಿ ಕನ್ನಡಿಗರು ಓದು ಕಲಿಯದೆಯೂ ಕಾವ್ಯ ಬಲ್ಲವರು ಎಂದು ಹೊಗಳಿದ್ದಾರೆಂದು ನಮ್ಮ ಮಾಸ್ತರು ಹೇಳುತ್ತಿದ್ದರು. ಅದು ಸುಳ್ಳಲ್ಲ. ನಮ್ಮ ಆಯಂದಿರು ರಾತ್ರಿಯೆಲ್ಲ ಬೀಸುಕಲ್ಲಿನ ಹಾಡು ಹಾಡಿದವರು, ಒಂದಕ್ಷರ ಬಾರದವರು. ಆದರೆ ಕಾವ್ಯ ಓದದೆ ಬರಬಹುದು, ಪಾಸ್‌ಬುಕ್ ಓದದೆ ಬರುವುದಿಲ್ಲ.

ಸದಸ್ಯ ಬಾಂಧವರೇ, ನಮ್ಮ ಸಂಘದ ಸದಸ್ಯನಿಗೆ ಬೇಕಾದ ಓದು ಎಷ್ಟು ಎಂದು ಲೆಕ್ಕ ಹಾಕಿದೆ. ತನ್ನ ಹೆಸರು ಬರೆಯುವುದು, ತಾರೀಖು ತಿಳಿಯುವುದು, ಅಂಕಿ ಎಲ್ಲಿ ಕೂತಿದೆ ನೋಡುವುದು, ಕೂಡಿಸುವುದು, ಕಳೆಯುವುದು, ಒಂದು ಸಾಲು ಓದಿ ಅರ್ಥ ಮಾಡಿಕೊಳ್ಳುವುದು. ಇದೆಲ್ಲದರ ಬುನಾದಿ ಬೀಳುವುದು ಎರಡನೇ ತರಗತಿಯಲ್ಲಿ. ಸದಸ್ಯನಿಗೆ ಇಷ್ಟು ಬಂದರೆ ಸಂಘ ಅವನದು. ಬಾರದಿದ್ದರೆ ಸಂಘ ಓದು ಬಂದ ನಾಲ್ಕು ಜನರದು, ಎಷ್ಟೇ ಪ್ರಾಮಾಣಿಕರಿದ್ದರೂ.

ಬೆಳ್ಳಿಹಬ್ಬಕ್ಕೆ ಸಂಘದ ಮುಂದೆ ಕಲ್ಲಿನ ಕಮಾನು ಕಟ್ಟಬೇಕೆಂದು ಮಂಡಳಿಯಲ್ಲಿ ಮಾತು ಬಂದಿತ್ತು. ನಾನೂ ಹೂಂ ಅಂದಿದ್ದೆ. ಆ ವಾರ ಕಳೆದ ಮೇಲೆ ನನ್ನ ಮಾತು ತಿರುಗಿಸಿ, ಸಭೆಯಲ್ಲಿ ಎರಡು ವಿಷಯ ಕೇಳಿದೆ. ಒಂದು, ಪ್ರತಿ ತಿಂಗಳ ಮೊದಲ ಭಾನುವಾರ ಓದು ಬಾರದ ಸದಸ್ಯರ ಪಾಸ್‌ಬುಕ್ಕನ್ನು ಅವರ ಮುಂದೆಯೇ ಗಟ್ಟಿಯಾಗಿ ಓದಿ ಹೇಳಬೇಕು. ಎರಡು, ದುಡಿಯಲು ಹೋಗುವವರ ಮಕ್ಕಳು ಅಜ್ಜಿ-ಮುತ್ಯಾರ ಹತ್ತಿರ ಊರಲ್ಲೇ ಉಳಿದರೆ ಅವರಿಗೆ ಸಂಜೆ ಹೊತ್ತು ಕೂತು ಓದಲು ಸಂಘದ ಹಿಂದಿನ ಕೋಣೆ, ದೀಪ ಕೊಡಬೇಕು. ಮೊದಲನೆಯದು ಒಪ್ಪಿಗೆಯಾಗಿ ನಡೆದಿದೆ. ಎರಡನೆಯದು ಬರುವ ಸರ್ವಸಾಧಾರಣ ಸಭೆಯಲ್ಲಿ ನಿಮ್ಮ ಮುಂದೆ ಬರುತ್ತದೆ. ಕಮಾನು ಬೇಕೋ ಕೋಣೆ ಬೇಕೋ ನೀವೇ ಹೇಳಬೇಕು.

ಆ ಹುಡುಗಿಯ ಅವ್ವ-ಅಪ್ಪನೂ ಆ ವರ್ಷ ಪುಣೆಗೆ ಹೋದರು. ಅವಳನ್ನೂ ಕರಕೊಂಡು ಹೋಗಲು ಗಂಟುಮೂಟೆ ಕಟ್ಟಿದ್ದರು. ಮುದುಕಿ ಬಿಡಲಿಲ್ಲ. "ಅಕೀನ್ನ ಒಯ್ದ್ರ ನನ್ನ ಬುಕ್ ಓದೋರು ಯಾರು? ಅಕೀ ಇಲ್ಲೇ ಇರ್ಲಿ" ಅಂದಳು. ಹುಡುಗಿ ಉಳಿದಳು. ಈಗ ಮೂರನೇ ತರಗತಿಯಲ್ಲಿದ್ದಾಳೆ. ಹೋದ ತಿಂಗಳು ಮುದುಕಿ ಸಂಘಕ್ಕೆ ಬಂದಾಗ ಗುಮಾಸ್ತರು ರೂಢಿಯಂತೆ ಮಸಿ ಪ್ಯಾಡು ಮುಂದಿಟ್ಟರು. ಮುದುಕಿ ಅದನ್ನು ಕೈಯಿಂದ ಸರಿಸಿ ಪೆನ್ನು ಕೇಳಿ ಇಸಕೊಂಡಳು. ಅರ್ಧ ತಾಸು ಹಿಡಿಯಿತು. ಸಾಲು ಓರೆಯಾಗಿತ್ತು, ಒಂದು ದೀರ್ಘ ಬಿಟ್ಟುಹೋಗಿತ್ತು. ಆದರೆ ಹೆಸರು ಅವಳದೇ, ಅವಳ ಕೈಯಿಂದಲೇ. ಹಿಂದೆ ಸಾಲಿನಲ್ಲಿ ನಿಂತವರು ಯಾರೂ ಅವಸರ ಮಾಡಲಿಲ್ಲ.

ಜೈ ಸಹಕಾರ.